ಮೊಲದ ಕಣ್ಣು, ಕಾಕಾನ ಕಣ್ಣು

ನಮ್ಮ ಕಾಕಾನ ಬಲಗಣ್ಣಲ್ಲಿ ಹೂವು ಬಿದ್ದಿದೆ. ಬೆಂಗಳೂರಿನ ಗೆಳೆಯರ ಮುಂದೆ ಹೀಗೆ ಹೇಳಿದರೆ ಅರ್ಧ ಜನಕ್ಕೆ ಅರ್ಥ ಆಗೋದಿಲ್ಲ. ಕರಿಗುಡ್ಡೆಯ ಮೇಲೆ ಬೆಳ್ಳಗೆ ಕಲೆ ಕಟ್ಟಿದರೆ ನಮ್ಮ ಕಡೆ ‘ಹೂ ಬಿದ್ದೈತಿ’ ಅಂತಾರೆ. ಎಂಥಾ ಚೆಂದದ ಮಾತು ಎಂಥಾದ್ದಕ್ಕೆ ನೋಡಿ.

ನಾನಾಗ ಏಳನೇ ಕ್ಲಾಸು. ಇಳಕಲ್ಲಿಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ, ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕಾಕಾ ನೇಕಾರರಿಗೆ ಹತ್ತಿ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದ. ಅವತ್ತು ಅವಸರ. ಡಬ್ಬಿಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದ ಕಾಸ್ಟಿಕ್ ಸೋಡಾ ಬಿಡಿಸಲು ಅದರ ಮೇಲೆ ಬಿಸಿನೀರು ಸುರಿದ. ಅದು ಕುದ್ದು ಸಿಡಿಯಿತು. ಕಾಕಾ ಚೀರಿದ್ದಕ್ಕೆ ಓಣಿಯೆಲ್ಲ ಕೂಡಿತು. “ನೀರ ಹಾಕಬ್ಯಾಡ್ರಿ, ಇನ್ನೂ ಉರಿತೈತಿ” ಅಂದರು ಒಬ್ಬರು. “ಔಡಲೆಣ್ಣಿ ಬಿಡ್ರಿ, ತಂಪಾಗತೈತಿ” ಅಂದರು ಇನ್ನೊಬ್ಬರು. ಎಣ್ಣೆ ಬಿಟ್ಟರು, ಒದ್ದೆ ಬಟ್ಟೆ ಕಟ್ಟಿದರು, ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಬಾಗಲಕೋಟೆಗೆ ಕರೆದುಕೊಂಡು ಹೋದರು. ಅಷ್ಟೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು.

ಇದನ್ನು ಮರೆತಿದ್ದೆ ಅಂತ ಹೇಳಲಾರೆ, ಆದರೆ ದಿನಾ ನೆನಪಿಡುವಂಥದ್ದೂ ಆಗಿರಲಿಲ್ಲ. ಹುನಗುಂದದಲ್ಲಿ ಪಿಯುಸಿ, ಬಾಗಲಕೋಟೆಯಲ್ಲಿ ಬಿ.ಇ., ಆಮೇಲೆ ಎಲ್ಲರ ಹಾಗೆ ಬೆಂಗಳೂರು. ಕೆಲವು ವರ್ಷದ ಹಿಂದೆ ಒಂದು ಪ್ರಾಜೆಕ್ಟಿಗೆ ಹಾಕಿದರು. ರಾಸಾಯನಿಕ ಕಂಪನಿಗಳಿಗೆ ಸುರಕ್ಷತಾ ಪತ್ರ ತಯಾರಿಸಿಕೊಡುವ ಸಾಫ್ಟ್‌ವೇರ್. ಮಿಶ್ರಣದಲ್ಲಿ ಯಾವುದು ಎಷ್ಟು ಪರ್ಸೆಂಟ್ ಇದೆ ಅಂತ ಕೊಟ್ಟರೆ, ಲೇಬಲ್ ಮೇಲೆ ಯಾವ ಎಚ್ಚರಿಕೆ ಬರೆಯಬೇಕು ಅಂತ ಅದು ಹೇಳಬೇಕು. ಎಚ್315 ಅಂದರೆ ಚರ್ಮಕ್ಕೆ ಉರಿ, ಎಚ್319 ಅಂದರೆ ಕಣ್ಣಿಗೆ ಜೋರು ಉರಿ, ಎಚ್314 ಅಂದರೆ ಚರ್ಮ ಸುಡುತ್ತದೆ, ಕಣ್ಣು ಹಾಳಾಗುತ್ತದೆ. ಆ ನಿಯಮಗಳನ್ನು ಕೋಡ್ ಮಾಡುವುದು ನನ್ನ ಪಾಲಿಗೆ ಬಂತು. ಯುರೋಪಿನ ಪಟ್ಟಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಸಾಲು ಹೀಗಿದೆ: 5 ಪರ್ಸೆಂಟ್ ಮತ್ತು ಮೇಲೆ ಇದ್ದರೆ ಅತಿ ತೀವ್ರವಾಗಿ ಸುಡುವುದು, 2ರಿಂದ 5ರ ತನಕವೂ ಸುಡುವುದೇ, 0.5ರಿಂದ 2ರ ತನಕ ಚರ್ಮಕ್ಕೂ ಕಣ್ಣಿಗೂ ಉರಿ. ಮೂರು ಇಫ್-ಎಲ್ಸ್, ಮುಗೀತು. ಟೈಪ್ ಮಾಡುತ್ತಾ ಇದ್ದವನಿಗೆ ಒಮ್ಮೆಲೇ ಹೊಳೆಯಿತು, ಈ ಸೋಡಿಯಂ ಹೈಡ್ರಾಕ್ಸೈಡೇ ನಮ್ಮ ಹಿತ್ತಲಿನ ಕಾಸ್ಟಿಕ್ಕು ಅಂತ.

ಆಮೇಲೆ ಕಾಡಿದ ಪ್ರಶ್ನೆ ಇಷ್ಟೇ. ಯಾವುದು ‘ಉರಿ’, ಯಾವುದು ‘ಸುಡುವುದು’ ಅಂತ ಗೆರೆ ಎಳೆದವರು ಯಾರು? ಯಾರ ಚರ್ಮದ ಮೇಲೆ ಎಳೆದರು?

ಮೊದಲು ನಮ್ಮ ಶೆಡ್ಡಿನ ಕೆಲಸ ಹೇಳುತ್ತೇನೆ. ಹತ್ತಿಗೆ ನ್ಯಾಫ್ಥಾಲ್ ಬಣ್ಣ ಹಾಕುವುದು ಎರಡು ತೊಟ್ಟಿಯ ಆಟ. ನ್ಯಾಫ್ಥಾಲ್ ಪುಡಿ ಬರೀ ನೀರಿನಲ್ಲಿ ಕರಗುವುದಿಲ್ಲ, ಕಾಸ್ಟಿಕ್ ಬೇಕು. ಆ ಬಿಸಿ ನೀರಿನಲ್ಲಿ ನೂಲಿನ ಲಡಿ ಅದ್ದಿ, ಹಿಂಡಿ ತೆಗೆದರೆ ಬಣ್ಣವೇ ಕಾಣುವುದಿಲ್ಲ, ಮಂಕು ಹಳದಿ ಅಷ್ಟೇ. ಎರಡನೇ ತೊಟ್ಟಿಯಲ್ಲಿ ಬೇಸ್. ಸೋಡಿಯಂ ನೈಟ್ರೈಟ್, ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ತಣ್ಣಗೆ, ಬೇಸಿಗೆಯಲ್ಲಾದರೆ ಐಸ್ ತಂದು ಹಾಕಿ, ತಯಾರು ಮಾಡಿದ್ದು. ಅದರಲ್ಲಿ ಲಡಿ ಇಳಿಸಿದ ಕೂಡಲೇ ನೂಲಿನ ಮೇಲೆಯೇ ಕೆಂಪು ಹುಟ್ಟುತ್ತದೆ. ಸಣ್ಣವನಿದ್ದಾಗ ನನಗದು ಜಾದೂ. ಕಾಕಾನ ಕೈ ಮಾತ್ರ ಕ್ಷಾರದಿಂದ ಆಮ್ಲಕ್ಕೆ, ಆಮ್ಲದಿಂದ ಕ್ಷಾರಕ್ಕೆ ದಿನಕ್ಕೆ ಹತ್ತಾರು ಸಲ ಹೋಗಿ ಬರುತ್ತಿತ್ತು. ಬೆರಳ ಸಂದಿ ಬಿರಿದು, ಉಗುರು ಯಾವತ್ತೂ ಕಂದು.

ಕಾಸ್ಟಿಕ್ ಸಾಕೋ ಬೇಕೋ ಅಂತ ನೋಡಲು ಅವನದೊಂದು ಪರೀಕ್ಷೆ ಇತ್ತು. ನೀರನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುವುದು. “ಜಾರಬೇಕು, ಸುಡಬಾರ್ದು.” ಆ ಜಾರಿಕೆ ಎಲ್ಲಿಂದ ಬರುತ್ತದೆ ಗೊತ್ತಾ? ಕ್ಷಾರವು ಬೆರಳ ಮೇಲಿನ ಜಿಡ್ಡನ್ನೇ ಸಾಬೂನು ಮಾಡುತ್ತಿರುತ್ತದೆ. ಅಂದರೆ ತನ್ನ ಚರ್ಮ ಕರಗುವ ಹದ ನೋಡಿ ಕಾಕಾ ಅಳತೆ ಹೇಳುತ್ತಿದ್ದ.

ಇನ್ನೊಂದು ಸಂಗತಿ ನನಗೆ ಹೊಳೆದದ್ದು ತೀರಾ ಈಚೆಗೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಬಣ್ಣದ ಮನೆಗೆ ಎರಡೂ ಬರುತ್ತಿದ್ದವು. ರೇಷ್ಮೆಯ ಲಡಿಯನ್ನು ಕಾಸ್ಟಿಕ್ ತೊಟ್ಟಿಯ ಹತ್ತಿರ ತಂದರೆ ಕಾಕಾನ ಸಿಟ್ಟು ನೆತ್ತಿಗೇರುತ್ತಿತ್ತು. “ಅದರ ಹನಿ ಬಿದ್ರ ರೇಷ್ಮಿ ಕರಗಿ ಹೋಗತೈತಿ, ದೂರ ಇಡು!” ಮಾತು ನೂರಕ್ಕೆ ನೂರು ನಿಜ. ಹತ್ತಿ ಸೆಲ್ಯುಲೋಸು, ಕ್ಷಾರ ತಡೆಯುತ್ತದೆ. ರೇಷ್ಮೆ ಪ್ರೋಟೀನು, ತಡೆಯುವುದಿಲ್ಲ. ಕೈಯ ಚರ್ಮವೂ ಪ್ರೋಟೀನೇ, ಕಣ್ಣಿನ ಪೊರೆಯೂ ಪ್ರೋಟೀನೇ. ರೇಷ್ಮೆಗೆ ಏನಾಗುತ್ತದೆ ಅಂತ ಪ್ರತಿ ಬಣ್ಣಗಾರನಿಗೂ ಗೊತ್ತಿತ್ತು, ಯಾಕಂದರೆ ರೇಷ್ಮೆ ಹಾಳಾದರೆ ಸಾವುಕಾರ ಕೂಲಿ ಮುರಿದುಕೊಳ್ಳುತ್ತಿದ್ದ. ಕೈ ಹಾಳಾದರೆ ಕೂಲಿ ಮುರಿಯುವವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಮಾತು. ‘ಮೊದಲು ಎಲ್ಲ ನೈಸರ್ಗಿಕ ಬಣ್ಣ, ಯಾವ ತ್ರಾಸೂ ಇರಲಿಲ್ಲ’ ಅಂತ ಕೈಮಗ್ಗದ ಅಂಗಡಿಯ ಕಾರ್ಡಿನ ಮೇಲೆ ಬರೆದಿರುತ್ತಾರಲ್ಲ, ಅದನ್ನು ನಂಬಬೇಡಿ. ಮಡ್ಡಿ ಬೇರಿನ ಕೆಂಪು, ಕುಸುಬಿ ಹೂವಿನ ಕೆಂಪು, ನೀಲಿ ಗಿಡದ ನೀಲಿ, ಎಲ್ಲ ಇದ್ದವು, ನಿಜ. ಆದರೆ ನೀಲಿ ನೀರಿಗೆ ಇಳಿಯಬೇಕಾದರೆ ಹರವಿಗೆ ಸುಣ್ಣವೋ ಇನ್ನೊಂದು ಕ್ಷಾರವೋ ಬೇಕೇ ಬೇಕು. ಸುಣ್ಣದ ತಿಳಿಯ ಪಿಎಚ್ 12ರ ಮೇಲೆ. ನೀಲಿ ಹರವಿಯ ಹದವನ್ನು ನಾಲಿಗೆಗೆ ಹಚ್ಚಿ ನೋಡುವ ಬಣ್ಣಗಾರರು ಬಹಳ ಕಡೆ ಇದ್ದರು. ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಕಸುಬುಗಳ ರೋಗಗಳ ಬಗ್ಗೆ ಪುಸ್ತಕ ಬರೆದಾಗ, ಕ್ಷಾರದ ನೀರಿನಲ್ಲಿ ಬಟ್ಟೆ ಒಗೆದು ಕೈ ಬಿರಿದುಕೊಂಡ ಹೆಂಗಸರ ಪ್ರಸ್ತಾಪ ಮಾಡಿದ. ಗಿಡದ ಬಣ್ಣವೋ ಡಬ್ಬಿಯ ಬಣ್ಣವೋ, ಕೈಗೆ ಅದರ ಫರಕು ಅಷ್ಟಿಲ್ಲ.

ಡಬ್ಬಿಯ ಬಣ್ಣ ಬಂದ ಕಥೆ ನಿಮಗೆ ಗೊತ್ತಿರಬಹುದು. 1856ರಲ್ಲಿ ಲಂಡನ್ನಿನ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಔಷಧಿ ಮಾಡಲು ಹೋಗಿ ನೇರಳೆ ಬಣ್ಣ ಮಾಡಿದ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು, ನಮ್ಮ ನೀಲಿ ಬೆಳೆ ನೆಲ ಕಚ್ಚಿತು. 1912ರ ಹೊತ್ತಿಗೆ ಅದೇ ಜರ್ಮನಿಯಿಂದ ನ್ಯಾಫ್ಥಾಲ್ ಎಎಸ್ ಬಂತು, ಕಾಕಾನ ಕೆಂಪಿನ ಮೂಲಪುರುಷ. ಹೊಸ ಬಣ್ಣ ಎಷ್ಟು ಗಟ್ಟಿ, ಬಿಸಿಲಿಗೆ ಮಾಸುತ್ತದೋ ಇಲ್ಲವೋ, ತೊಳೆದರೆ ಬಿಡುತ್ತದೋ ಅಂತ ಪರೀಕ್ಷೆಗಳ ಮೇಲೆ ಪರೀಕ್ಷೆ ಇದ್ದವು. ಮುಟ್ಟಿದವರಿಗೆ ಏನಾಗುತ್ತದೆ ಅನ್ನುವುದಕ್ಕೆ ಸರ್ವಸಮ್ಮತವಾದ ಒಂದು ಅಳತೆಯೂ ಇರಲಿಲ್ಲ.

ಆ ಅಳತೆ ಹುಟ್ಟಿದ್ದು ರೆಪ್ಪೆಗೂದಲಿನ ದೆಸೆಯಿಂದ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಅಂತ ಹುಬ್ಬು-ರೆಪ್ಪೆಗೆ ಹಚ್ಚುವ ಬಣ್ಣ ಮಾರುತ್ತಿದ್ದರು. ಹಚ್ಚಿಕೊಂಡ ಕೆಲವು ಹೆಂಗಸರ ಕಣ್ಣು ಹೋದವು, ಜೀವವೂ ಹೋಯಿತು. ಅದರಲ್ಲಿದ್ದದ್ದು ಪ್ಯಾರಾಫಿನೈಲೀನ್‌ಡೈಅಮೀನ್, ಪಿಪಿಡಿ. ಇವತ್ತಿಗೂ ನಮ್ಮ ಕರಿ ಹೇರ್ ಡೈಗಳಲ್ಲಿ ಇರುವುದು ಅದೇ, ಪೊಟ್ಟಣದ ಮೇಲೆ ‘48 ಗಂಟೆ ಮುಂಚೆ ಕಿವಿಯ ಹಿಂದೆ ಹಚ್ಚಿ ನೋಡಿ’ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತಾರಲ್ಲ, ಅದು ಇದಕ್ಕೇ. (ಯಾರಾದರೂ ಹಚ್ಚಿ ನೋಡಿದ್ದೀರಾ? ನಾನಂತೂ ಇಲ್ಲ.) ಆಗ ಅಮೆರಿಕದ ಸರಕಾರಕ್ಕೆ ಪ್ರಸಾಧನ ವಸ್ತುಗಳನ್ನು ಮುಟ್ಟುವ ಅಧಿಕಾರವೇ ಇರಲಿಲ್ಲ. 1938ರ ಹೊಸ ಕಾಯ್ದೆಯಿಂದ ಅಧಿಕಾರ ಬಂತು. ಅಧಿಕಾರ ಬಂದ ಮೇಲೆ ಅಳತೆಗೋಲು ಬೇಕಲ್ಲ? ಅಲ್ಲಿನ ಎಫ್‌ಡಿಎ ಇಲಾಖೆಯ ಜಾನ್ ಡ್ರೇಜ್ ಮತ್ತು ಸಂಗಡಿಗರು 1944ರಲ್ಲಿ ಪ್ರಕಟಿಸಿದ ವಿಧಾನ ಆ ಅಳತೆಗೋಲಾಯಿತು.

ಬಿಳಿ ಮೊಲ ತರಬೇಕು. ಬೆನ್ನಿನ ಕೂದಲು ಬೋಳಿಸಿ 0.5 ಮಿಲಿ ವಸ್ತು ಹಚ್ಚಿ ಪಟ್ಟಿ ಕಟ್ಟಬೇಕು. ಆಮೇಲೆ ಕೆಂಪಾಗಿದ್ದಕ್ಕೆ 0ಯಿಂದ 4, ಬಾವು ಬಂದಿದ್ದಕ್ಕೆ 0ಯಿಂದ 4 ಅಂಕ. ಕಣ್ಣಿನದು ಬೇರೆ. ಒಂದು ಕಣ್ಣಿನ ಕೆಳರೆಪ್ಪೆ ಎಳೆದು 0.1 ಮಿಲಿ ಬಿಡಬೇಕು, ಇನ್ನೊಂದು ಕಣ್ಣು ಹೋಲಿಸಲಿಕ್ಕೆ. 24, 48, 72 ಗಂಟೆಗೆ ನೋಡಿ ಅಂಕ ಕೊಡಬೇಕು. ಒಟ್ಟು 110 ಅಂಕ. ಅದರಲ್ಲಿ 80 ಅಂಕ ಬರೀ ಕರಿಗುಡ್ಡೆಯ ಮೇಲಿನ ಪೊರೆಗೆ, ಅದು ಎಷ್ಟು ಮಬ್ಬಾಯಿತು, ಎಷ್ಟು ಅಗಲ ಮಬ್ಬಾಯಿತು ಅನ್ನುವುದಕ್ಕೆ. ಇದನ್ನು ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದೆ. 110ರಲ್ಲಿ 80 ಹೂವಿಗೆ! ನಮ್ಮ ಓಣಿಯ ಮುದುಕಿಯರು ಒಂದೇ ಶಬ್ದದಲ್ಲಿ ಹೇಳುತ್ತಿದ್ದುದನ್ನು ಡ್ರೇಜ್ ಲೆಕ್ಕಕ್ಕೆ ಹಾಕಿದ್ದ.

ನನ್ನ ಕೋಡಿನ ಹಿಂದಿನ ಅಂಕಿ ಸಿಕ್ಕಿದ್ದೂ ಇಲ್ಲೇ. ಇವತ್ತು ಜಗತ್ತೆಲ್ಲ ಬಳಸುವ ವಿಶ್ವಸಂಸ್ಥೆಯ ಲೇಬಲ್ ಪದ್ಧತಿ 2003ರಲ್ಲಿ ಬಂತು. ಅದರ ಪ್ರಕಾರ ಎಚ್315 ಹಚ್ಚಲು ಮೂರು ಮೊಲಗಳಲ್ಲಿ ಕನಿಷ್ಠ ಎರಡರ ಸರಾಸರಿ ಅಂಕ 2.3 ಆಗಬೇಕು. ಆ 2.3ನ್ನು ನಾನು ಎಷ್ಟೋ ಸಲ ಕಾನ್ಸ್ಟಂಟ್ ಅಂತ ಟೈಪ್ ಮಾಡಿದ್ದೆ, ಅದರಲ್ಲಿ ಮೊಲ ಇದೆ ಅಂತ ಗೊತ್ತಿಲ್ಲದೇ.

ವಿಚಿತ್ರ ಏನೆಂದರೆ, ಪಿಪಿಡಿ ತಂದಿಟ್ಟ ತಾಪತ್ರಯ ಮುಖ್ಯವಾಗಿ ಉರಿಯದ್ದಲ್ಲ, ಅಲರ್ಜಿಯದ್ದು. ಎರಡೂ ಬೇರೆ ಬೇರೆ. ಕಾಸ್ಟಿಕ್ಕಿಗೆ ಭೇದಭಾವ ಇಲ್ಲ, ಸಾಕಷ್ಟು ಬಿದ್ದರೆ ಎಲ್ಲರನ್ನೂ ಸುಡುತ್ತದೆ. ಅಲರ್ಜಿ ಹಂಗಲ್ಲ, ಒಬ್ಬರಿಗೆ ಏನೂ ಆಗೋದಿಲ್ಲ, ಪಕ್ಕದವರ ಮುಖ ಬಾತುಕೊಳ್ಳುತ್ತದೆ. ಕಾಕಾ ಇದಕ್ಕೆ “ಒಗ್ಗಂಗಿಲ್ಲ” ಅಂತಿದ್ದ. ಇದರ ಪಕ್ಕಾ ಉದಾಹರಣೆ ನಮ್ಮ ದೇಶದ್ದೇ ಇದೆ. ಅಗಸರು ಯಾರ ಬಟ್ಟೆ ಅಂತ ಗುರುತಿಗೆ ಕೇರು ಬೀಜದ ರಸದಲ್ಲಿ ಅಂಗಿಯ ಕಾಲರಿಗೆ ಗುರುತು ಹಾಕುತ್ತಿದ್ದರು, ಅದು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರ ಕುತ್ತಿಗೆಯ ಹಿಂದೆ, ಸರಿಯಾಗಿ ಗುರುತು ತಾಗುವ ಜಾಗದಲ್ಲಿ, ಕೆಂಪಗೆ ಗುಳ್ಳೆ ಎದ್ದವು. ಅವರ ವೈದ್ಯರು 1943ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಇದನ್ನು ‘ಧೋಬಿ ಗುರುತಿನ ಚರ್ಮರೋಗ’ ಅಂತ ದಾಖಲಿಸಿದರು. ಸೈನಿಕರ ಕುತ್ತಿಗೆಯ ಬಗ್ಗೆ ಪ್ರಬಂಧ ಬಂತು. ದಿನವಿಡೀ ಆ ಬೀಜ ಚುಚ್ಚಿ ಗುರುತು ಹಾಕುತ್ತಿದ್ದ ಅಗಸರ ಬೆರಳಿನದ್ದು?

ಮೊಲಕ್ಕೆ ಬರೋಣ. ಡ್ರೇಜ್ ಪರೀಕ್ಷೆ ಎಷ್ಟು ಭರವಸೆಯದ್ದು? 1971ರಲ್ಲಿ ವೈಲ್ ಮತ್ತು ಸ್ಕಾಲಾ ಅನ್ನುವ ಇಬ್ಬರು ಅವವೇ ರಾಸಾಯನಿಕಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಲ್ಲಿ ಪರೀಕ್ಷೆ ಮಾಡಿಸಿ ನೋಡಿದರು. ಒಂದು ಕಡೆ ಏನೂ ಇಲ್ಲ ಅಂದಿದ್ದು ಇನ್ನೊಂದು ಕಡೆ ಜೋರು ಉರಿ ಅಂತ ಬಂತು. ಅಂಕ ಕೊಡುವುದು ಮನುಷ್ಯನ ಕಣ್ಣಲ್ಲವೇ; ವೈವಾದಲ್ಲಿ ಮಾರ್ಕ್ಸ್ ಕೊಟ್ಟಂತೆ. ಮೇಲಾಗಿ ಮೊಲದ ಕಣ್ಣಿಗೂ ನಮ್ಮ ಕಣ್ಣಿಗೂ ವ್ಯತ್ಯಾಸ ಇದೆ, ಅದಕ್ಕೆ ಮೂರನೇ ರೆಪ್ಪೆ ಇದೆ. 1980ರಲ್ಲಿ ನ್ಯೂಯಾರ್ಕಿನ ಹೆನ್ರಿ ಸ್ಪೈರಾ ಅನ್ನುವವರು ರೆವ್ಲಾನ್ ಕಂಪನಿಯ ವಿರುದ್ಧ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟರು, ಸೌಂದರ್ಯಕ್ಕಾಗಿ ಎಷ್ಟು ಮೊಲ ಕುರುಡಾಗಬೇಕು ಅಂತ ಕೇಳಿ. ಆ ವರ್ಷವೇ ರೆವ್ಲಾನ್ ಬೇರೆ ದಾರಿ ಹುಡುಕಲು ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರ್ ಕೊಡಲು ಒಪ್ಪಿತು. ಇತ್ತ 1981ರಲ್ಲಿ ಒಇಸಿಡಿ ಇದೇ ಮೊಲದ ಪರೀಕ್ಷೆಯನ್ನು ಚರ್ಮಕ್ಕೆ 404, ಕಣ್ಣಿಗೆ 405 ಅಂತ ನಂಬರು ಕೊಟ್ಟು ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಡಿತು. ಕಣ್ಣಿಗೆ ವಸ್ತು ಹಾಕುವ ಮುಂಚೆ ಮೊಲಕ್ಕೆ ನೋವು ತಡೆಯುವ ಔಷಧಿ ಕೊಡಬೇಕು ಅನ್ನುವ ನಿಯಮ ಅದರೊಳಗೆ ಬಂದದ್ದು 2012ರಲ್ಲಿ.

ಒಂದು ಒಳ್ಳೆಯ ತಿದ್ದುಪಡಿ ಮುಂಚೆಯೇ ಆಗಿತ್ತು. ಪಿಎಚ್ 2 ಅಥವಾ ಅದಕ್ಕಿಂತ ಕಡಿಮೆ, ಇಲ್ಲಾ 11.5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಪ್ರಾಣಿಯ ಮೇಲೆ ಹಾಕಿ ನೋಡುವುದು ಬೇಡ, ಸುಡುತ್ತದೆ ಅಂತಲೇ ಹಿಡಿಯಿರಿ. ಅಂದರೆ ಕಾಸ್ಟಿಕ್ ತೊಟ್ಟಿಯಂಥದ್ದಕ್ಕೆ ಮೊಲ ಬೇಕಿಲ್ಲ, ಒಂದು ಪಿಎಚ್ ಚೀಟಿ ಸಾಕು. ಕ್ಷಾರದ ಅಪಾಯವೂ ಆಮ್ಲಕ್ಕಿಂತ ಜಾಸ್ತಿ. ಆಮ್ಲ ತಾಗಿದ ಕಡೆ ಪ್ರೋಟೀನು ಹೆಪ್ಪುಗಟ್ಟಿ ಗೋಡೆಯಾಗುತ್ತದೆ, ಒಳಗೆ ಹೋಗುವುದನ್ನು ಒಂದಿಷ್ಟು ತಡೆಯುತ್ತದೆ. ಕ್ಷಾರ ಜಿಡ್ಡನ್ನು ಸಾಬೂನು ಮಾಡುತ್ತಾ ಒಳಗೊಳಗೇ ಇಳಿಯುತ್ತದೆ. ಅದಕ್ಕೇ ಮೊದಲ ನಿಮಿಷದ ನೀರಿಗೆ ಅಷ್ಟು ಬೆಲೆ.

ಮೊಲಕ್ಕೆ ಬದಲಿಯಾಗಿ ಬಂದದ್ದು ಮನುಷ್ಯರ ಚರ್ಮವೇ, ಆದರೆ ಪ್ಲಾಸ್ಟಿಕ್ ಬಟ್ಟಲಲ್ಲಿ ಬೆಳೆಸಿದ್ದು. ಆಪರೇಷನ್ನಿನಲ್ಲಿ ಉಳಿದ ಚರ್ಮದ ಕೋಶಗಳನ್ನು ಸಣ್ಣ ಬಟ್ಟಲಲ್ಲಿ ಪದರ ಪದರವಾಗಿ ಬೆಳೆಸುತ್ತಾರೆ. ವಸ್ತು ಹಚ್ಚಿ, ತೊಳೆದು, ಕಾದು, ಆಮೇಲೆ ಎಂಟಿಟಿ ಅನ್ನುವ ಹಳದಿ ದ್ರಾವಣ ಹಾಕುತ್ತಾರೆ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ನೇರಳೆ ಎಷ್ಟು ಅಂತ ಅಳೆದು, ಬದುಕಿದ್ದು ಅರ್ಧ ಅಥವಾ ಅದಕ್ಕಿಂತ ಕಡಿಮೆ ಅಂತಾದರೆ ವಸ್ತು ಚರ್ಮಕ್ಕೆ ಉರಿ. ಒಇಸಿಡಿ 2010ರಲ್ಲಿ ಇದನ್ನು 439ನೇ ಮಾರ್ಗಸೂಚಿ ಅಂತ ಒಪ್ಪಿತು. ಇದೂ ಒಂದು ಬಣ್ಣ ಹಾಕುವ ಕೆಲಸವೇ! ಕಣ್ಣಿನ ವಿಷಯದಲ್ಲಿ ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಪೊರೆ ಬಳಸುವ 437 ಅದಕ್ಕೆ ಒಂದು ವರ್ಷ ಮೊದಲೇ ಬಂದಿತ್ತು. ಪೊರೆಯ ಹಿಂದೆ ಬೆಳಕು ಬಿಟ್ಟು ಎಷ್ಟು ಮಬ್ಬಾಯಿತು ಅಂತ ಯಂತ್ರ ಹೇಳುತ್ತದೆ. ಹೂವಿಗೆ ಈಗ ಮೀಟರ್.

ಭಾರತ 2014ರಲ್ಲಿ ಪ್ರಸಾಧನ ವಸ್ತುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಷೇಧಿಸಿತು, ಹಾಗೆ ಪರೀಕ್ಷಿಸಿದ್ದರ ಆಮದನ್ನೂ ಅದೇ ವರ್ಷ ನಿಲ್ಲಿಸಿತು. ಒಳ್ಳೆಯ ಕೆಲಸ. ಅಪಾಯಕಾರಿ ರಾಸಾಯನಿಕದ ಡಬ್ಬಿಗೆ ಲೇಬಲ್ ಬೇಕು, ಸುರಕ್ಷತಾ ಪತ್ರ ಬೇಕು ಅಂತ ಅದಕ್ಕೂ ಎಷ್ಟೋ ಮೊದಲು, 1989ರಲ್ಲೇ, ನಿಯಮ ಆಗಿದೆ. ಆದರೆ ನಮ್ಮ ಊರಿಗೆ ಕಾಸ್ಟಿಕ್ ಬರುವುದು ದೊಡ್ಡ ಚೀಲದಿಂದ ಬಿಚ್ಚಿ, ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ ತೂಗಿ. ಲೇಬಲ್ ಆ ದೊಡ್ಡ ಚೀಲದ ಮೇಲೇ ಉಳಿದುಬಿಡುತ್ತದೆ. ಗುಳೇದಗುಡ್ಡದ ಖಣ ನೇಯುವವರಲ್ಲಿ ನನ್ನ ತಂಗಿಯನ್ನು ಕೊಟ್ಟಿದೆ, ಅಲ್ಲೂ ಕೇಳಿದೆ. ಅಲ್ಲೂ ಅದೇ ಕ್ಯಾರಿಬ್ಯಾಗು. ನಮ್ಮ ಸಾಫ್ಟ್‌ವೇರು ಸುರಕ್ಷತಾ ಪತ್ರವನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಯಲ್ಲಿ ಕೊಡುತ್ತಿತ್ತು. ಕನ್ನಡ ಸೇರಿಸೋಣ ಅಂತ ಟಿಕೆಟ್ ಹಾಕಿದ್ದೆ. ‘ಗ್ರಾಹಕರ ಬೇಡಿಕೆ ಇಲ್ಲ’ ಅಂತ ಬರೆದು ಕ್ಲೋಸ್ ಮಾಡಿದರು. ಸುಳ್ಳೇನಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಅಳತೆಯ ಚಿಪ್ಪಿನಲ್ಲಿ ಅವನು ಹಾಕುವಷ್ಟೇ ಕಾಸ್ಟಿಕ್ ಹಾಕಿಸಿ ತೂಗಿದೆ. ನೂರು ಗ್ರಾಂ ಆಸುಪಾಸು, ಹತ್ತು ಲೀಟರ್ ಬಕೆಟ್ಟಿಗೆ. ಒಂದು ಪರ್ಸೆಂಟ್. ನನ್ನ ಮೂರು ಇಫ್-ಎಲ್ಸ್‌ಗಳಲ್ಲಿ ಕೊನೆಯದು: ಚರ್ಮಕ್ಕೆ ಉರಿ, ಕಣ್ಣಿಗೆ ಉರಿ. ಕೈಯಳತೆಯಲ್ಲೇ ಅವನು ನಲವತ್ತು ವರ್ಷ ಆ ಗೆರೆಯೊಳಗೆ ಇದ್ದ. ಡಬ್ಬಿಯ ತಳದ ಗಟ್ಟಿಗೆ ಬಿಸಿನೀರು ಸುರಿದ ಆ ಒಂದು ದಿನ ಮಾತ್ರ ಗೆರೆ ದಾಟಿದ್ದ. ಇದನ್ನೆಲ್ಲ ಅವನಿಗೆ ಹೇಳಿದೆ, ಮೊಲದ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿ, “ಆಮ್ಯಾಲ ಆ ಮೊಲಕ್ಕ ಏನ ಮಾಡ್ತಾರ?” ಅಂದ. ಕೊಲ್ಲುತ್ತಾರೆ ಅಂದೆ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

ಶೆಡ್ಡಿನೊಳಗೆ ತೊಟ್ಟಿಯ ಪಕ್ಕಕ್ಕೇ ಒಂದು ನಳ ಹಾಕಿಸಿದ್ದೇವೆ. ಗೋಡೆಗೆ ಅಂಟಿಸಲು ನಾನೇ ಒಂದು ಹಾಳೆ ಬರೆದೆ: ಕಾಸ್ಟಿಕ್ಕನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪ ಹಾಕಿ, ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬೇಡಿ, ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಇಪ್ಪತ್ತು ನಿಮಿಷ ನಳದ ನೀರು ಬಿಡಿ, ಕೂಡಲೇ ದವಾಖಾನೆಗೆ ಹೋಗಿ. ಕಾಕಾ ಎಡಗಣ್ಣು ಹತ್ತಿರ ತಂದು ಓದಿಕೊಂಡ. “ಎಲ್ಲಾ ಬರೋಬ್ಬರಿ ಐತಿ, ಒಂದ ಬಿಟ್ಟಿ” ಅಂದ. ಏನು ಅಂದೆ. “ಎಣ್ಣಿ ಹಾಕಬ್ಯಾಡ್ರಿ ಅಂತ ಬರಿ. ಅದನ್ನ ಎಲ್ಲಾದ್ರಕಿಂತ ಮ್ಯಾಲ ಬರಿ.”

ಹೊಸ ಹಾಳೆ ತೆಗೆದುಕೊಂಡು ಅದನ್ನೇ ಮೊದಲ ಸಾಲು ಮಾಡಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ, ದಪ್ಪಗೆ ಬರೆದೆ.